ಬಾಗಿಲ ಬಳಿ ಕೇಳಿದ ಊರು

ಅಸ್ಫಿಯಾ ರಜೆಗೆ ಬಂದಿದ್ದಾಳೆ ಎಂದೇ ಬೆಳ್ಳೂರಿನಲ್ಲಿ ಎಲ್ಲರೂ ತಿಳಿದಿದ್ದರು. ಅವಳ ಅಪ್ಪ ಡ್ರೈವರ್ ಸರ್ದಾರ್ ಪಾಷಾನಂತೂ ಬಿಂಡಿಗನವಿಲೆಯಿಂದ ನಾಗಮಂಗಲದ ತನಕ ಬಸ್ಸು ಹತ್ತಿದವರಿಗೆಲ್ಲ ಮಗಳ ವಿಮಾನದ ಸುದ್ದಿ ಹೇಳಿ ತಲೆ ಚಿಟ್ಟು ಹಿಡಿಸಿದ್ದ. ವಿಮಾನವನ್ನು ಅವಳೇ ಓಡಿಸುತ್ತಾಳೆಂದು ಅರ್ಧ ಜನ ನಂಬಿಕೊಂಡಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ. ಅವಳು ವಿಮಾನದ ಮುಂಬಾಗಿಲು ನೋಡಿಕೊಳ್ಳುವ ಗಗನಸಖಿ.

ಈಗ ಆ ಕೆಲಸದಿಂದ ಅವಳನ್ನು ದೂರ ಇಟ್ಟಿದ್ದರು. ಸೋಮವಾರ ವಿಚಾರಣೆ. ಕೆಲಸ ಉಳಿಯುತ್ತದೋ ಹೋಗುತ್ತದೋ ಅಂದೇ ತೀರ್ಮಾನ. ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಹೇಳಲಿಲ್ಲವಲ್ಲ ಎಂಬ ಸಂಕಟವಾದರೂ ಆಗಬೇಕಿತ್ತು, ಅದೂ ಇಲ್ಲ. ಅಮ್ಮಿ ಬಡಿಸಿದ್ದನ್ನು ತಿನ್ನುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಮನಸ್ಸಿಗೆ ಜೋಮು ಹಿಡಿದಿತ್ತು.

ಆದದ್ದು ಇಷ್ಟು. ವಿಮಾನ ಬೆಂಗಳೂರಿನಲ್ಲಿ ಇಳಿದು ನಿಂತಿತ್ತು. ಬಾಗಿಲು ತೆರೆಯುವ ಮೊದಲು ಅದರ ಬದಿಯ ಸಣ್ಣ ಹಿಡಿಯನ್ನು ಮೇಲೆತ್ತಬೇಕು. ಎತ್ತದೆ ತೆರೆದರೆ, ಅಪಾಯದಲ್ಲಿ ಜನ ಜಾರಿ ಇಳಿಯಲೆಂದು ಮಡಿಸಿಟ್ಟ ರಬ್ಬರಿನ ಜಾರುಬಂಡೆ ಕ್ಷಣದಲ್ಲಿ ಊದಿಕೊಂಡು ಹೊರಗೆ ಚಿಮ್ಮುತ್ತದೆ. ಎತ್ತಿದ ಮೇಲೂ ಕಣ್ಣಿಟ್ಟು ನೋಡಿ, ಎದುರು ಬಾಗಿಲಿನವಳಿಗೆ ‘ಆಯ್ತು’ ಅನ್ನಬೇಕು. ಅಸ್ಫಿಯಾಳ ಕೈ ಹಿಡಿಯ ಮೇಲಿತ್ತು. ದೆಹಲಿಯ ಮಗಳ ಮನೆಯಿಂದ ವಾಪಸಾಗುತ್ತಿದ್ದ ಬಿಂಡಿಗನವಿಲೆಯ ಚಿಕ್ಕಬೋರಮ್ಮ ಆಗಲೇ ಮೊದಲ ಸಾಲಿನಿಂದ ಎದ್ದು ಬಂದಳು.

"ಯಾವೂರವ್ವ ನೀನು? ನಮ್ ಕಡೇವ್ಳಂಗೆ ಮಾತಾಡ್ತೀಯ!"

ಹಿರಿಯರು ಊರು ಕೇಳಿದಾಗ ಬೆನ್ನು ಹಾಕಿ ನಿಂತು ಉತ್ತರ ಕೊಡುವುದನ್ನು ನಾಗಮಂಗಲದ ಸೀಮೆಯಲ್ಲಿ ಯಾರ ಮನೆಯಲ್ಲೂ ಕಲಿಸಿಲ್ಲ. ಊರಷ್ಟೇ ಹೇಳಿದರೂ ಸಾಲದು. ಯಾರ ಮಗಳು ಅನ್ನುವ ತನಕ ಮಾತು ಮುಗಿಯುವುದಿಲ್ಲ. ಅವಳು ತಿರುಗಿದಳು. ಬೆಳ್ಳೂರು ಅಂದಳು, ಅಪ್ಪನ ಹೆಸರು ಹೇಳಿದಳು. "ಅಯ್ಯೋ, ನಮ್ ಬಸ್ಸಿನ್ ಪಾಷಣ್ಣನ ಮಗ್ಳಾ!" ಎಂದು ಮುದುಕಿ ಕೆನ್ನೆ ಸವರಿದಾಗ ನಕ್ಕಳು. ಆಮೇಲೆ ಎದುರು ಬಾಗಿಲಿನ ಗಗನಸಖಿ ಕೇಳಿದ್ದಕ್ಕೆ ‘ಆಯ್ತು’ ಎಂದು ಬಾಗಿಲು ತೆರೆದಳು. ಜಾರುಬಂಡೆ ಚಿಮ್ಮಿದ ಹೊಡೆತಕ್ಕೆ ಹೊರಗೆ ಏಣಿಯ ಮೇಲಿದ್ದ ಕೆಲಸಗಾರ ಕೆಳಗೆ ಬಿದ್ದ.

ಶನಿವಾರ ಚಿಕ್ಕಬೋರಮ್ಮ ಬ್ಯಾಗಿನ ತುಂಬ ಅವರೆಕಾಯಿ ಹೊತ್ತು ಪಾಷಾನ ಮನೆಗೇ ಬಂದಿಳಿದಳು.

"ಕೈಲಿದ್ದ ಕೆಲ್ಸ ಬುಟ್ಬುಟ್ಟು ಮಾತಾಡುಸ್ತು ಕಣ ಪಾಷಣ್ಣ, ನಿನ್ ಮಗ್ಳು! ಅಷ್ಟ್ ದೊಡ್ ಇಮಾನ್ದಲ್ಲಿ ನನ್ನಂಥೋಳ್ನ ಯಾರ್ ಕೇಳ್ತಾರೆ?"

ಪಾಷಾ ಉಬ್ಬಿಹೋದ. "ನಮ್ಮನೇಲಿ ಅಂಗೇ ಬೆಳ್ಸಿರೋದು ಬೋರಮ್ಮಾರೆ."

ಅಸ್ಫಿಯಾ ಒಳಗೆ ಟೀ ಕಾಯಿಸುತ್ತಿದ್ದಳು. ಎಲ್ಲವೂ ಕೇಳಿಸುತ್ತಿತ್ತು.

"ಅದ್ಸರಿ, ಕೆಳಿಕ್ ಬಿದ್ನಲ್ಲ, ಆ ಉಡ್ಗ ಎಂಗವ್ನವ್ವ?" ಎಂದು ಮುದುಕಿ ಅಡುಗೆಮನೆಯ ಕಡೆ ಕೂಗಿದಳು.

ಅಸ್ಫಿಯಾ ಮೊದಲು ಗ್ಯಾಸ್ ಒಲೆ ಆರಿಸಿದಳು. ತಿರುಪು ಪೂರ್ತಿ ತಿರುಗಿದೆಯೇ ಎಂದು ಬಗ್ಗಿ ನೋಡಿದಳು, ಮುಟ್ಟಿಯೂ ನೋಡಿದಳು.

"ಬೇಟಿ, ಹಿರೇರು ಕೇಳ್ತಾವ್ರಲ್ಲ!" ಎಂದು ಅಪ್ಪ ಗದರಿದ. ಅವಳು ಟೀ ಸೋಸಿ, ಇಬ್ಬರಿಗೂ ಲೋಟ ಕೊಟ್ಟು, ಮುದುಕಿಯ ಎದುರು ಕೂತಳು.

"ಅವ್ನ ಸೊಂಟ ಮುರ್ದೋಯ್ತು ಕಣಜ್ಜಿ. ಬಾಗ್ಲು ತೆಗ್ಯೋಕ್ ಮುಂಚೆ ಮಾಡ್ಬೇಕಾದ್ದ ನಾನೇ ಮರ್ತ್ಬುಟ್ಟೆ. ಅಬ್ಬಾಜಾನ್, ನಂಗೆ ರಜ ಇಲ್ಲ. ಕೆಲ್ಸ ಹೋದ್ರೂ ಹೋಗ್ಬೋದು."

ಪಾಷಾನ ಲೋಟ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಅಪ್ಪನ ಮುಖ ನೋಡಿ, ಇಷ್ಟು ದಿನ ಆಗದ ನೋವು ಅಸ್ಫಿಯಾಗೆ ಆಗ ಆಯಿತು.

ಚಿಕ್ಕಬೋರಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟಳು. "ಇಷ್ಟ್ ಜಾಣೆ ನೀನು, ಅದೆಂಗವ್ವ ಮರ್ತೆ?"

"ಟೀ ಆರೋಯ್ತದೆ, ಕುಡೀರಿ ಅಜ್ಜಿ" ಎಂದಳು ಅಸ್ಫಿಯಾ.