ಒಗೆಯುವ ಕಲ್ಲು ಕಾಲುವೆಗೆ ಹೋದದ್ದು

ನಾನು ಪಂಚಾಯಿತಿ ಮೆಂಬರಾದದ್ದು ಬುದ್ಧಿವಂತಿಕೆಯಿಂದಲ್ಲ. ಆ ಸಲ ನಮ್ಮೂರಿನ ಸೀಟು ಹೆಂಗಸರಿಗೆ ಬಂತು. ನನ್ನ ಮೈದುನನಿಗೆ ನಿಲ್ಲುವ ಆಸೆಯಿತ್ತು. ಅವನು ಗಂಡಸಾದ್ದರಿಂದ ನನ್ನನ್ನು ನಿಲ್ಲಿಸಿದ. ಮೊದಲೆರಡು ವರ್ಷ ಮೀಟಿಂಗಿಗೆ ಅವನೇ ಹೋಗುತ್ತಿದ್ದ. ಅಲ್ಲಿಂದ ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ನಾನು ಸಗಣಿ ಕೈ ತೊಳೆದುಕೊಂಡು ಸಹಿ ಹಾಕುತ್ತಿದ್ದೆ. ಸಾಕ್ಷರತೆಯವರು ಊರಿಗೆ ಬಂದಿದ್ದಾಗ ಸ್ಲೇಟು ಹಿಡಿದು ಕಲಿತ ಸಹಿ ಅದು. ಓದುವುದೂ ಬರುತ್ತಿತ್ತು, ಆದರೆ ನಿಧಾನ. ಒಂದೊಂದೇ ಅಕ್ಷರ ಹಿಡಿದು ಎಳೆಯಬೇಕು. ಈಗಲೂ ಹಾಗೇ.

ಮೂರನೇ ವರ್ಷ ಬಂದ ಪುಸ್ತಕದಲ್ಲಿ ಊರಿಗೆ ಇನ್ನೊಂದು ಬೋರು ಕೊರೆಸುವುದು ಎಂದು ಬರೆದಿತ್ತು. ಓದಿ, ಮುಚ್ಚಿ, ವಾಪಸು ಕೊಟ್ಟೆ.

"ಸಹಿ ಹಾಕತ್ತಿಗೆ, ಸೆಕ್ರೆಟರಿ ಕಾಯ್ತಾವ್ನೆ" ಎಂದ ಮೈದುನ.

"ಇರೋ ಮೂರು ಬೋರ್‌ನಾಗೆ ಎರಡು ಬರೀ ಧೂಳು ಉಗೀತಾವೆ. ನಾಲ್ಕನೇದು ಏನು ಹಾಲು ಕೊಡ್ತೈತಾ? ನಾನೇ ಬತ್ತೀನಿ ಮೀಟಿಂಗಿಗೆ, ನಡಿ."

ನಮ್ಮೂರಿಗೆ ಮಾದಿಹಳ್ಳಿಯಲ್ಲಿ ಬಸ್ಸಿಳಿದು ನಡೆಯಬೇಕು. ಊರ ಮುಂದೆ ಕೆರೆ ಇದೆ. ನಾನು ಮದುವೆಯಾಗಿ ಬಂದಾಗ ಅದರಲ್ಲಿ ಎಮ್ಮೆ ಮುಳುಗುವಷ್ಟು ನೀರಿತ್ತು. ಆಮೇಲೆ ವರ್ಷ ವರ್ಷ ಕಡಿಮೆಯಾಗುತ್ತಾ ಹೋಗಿ ಕೊನೆಗೆ ಹುಡುಗರು ಕ್ರಿಕೆಟ್ ಆಡುವ ಜಾಗವಾಯಿತು. ಮಳೆ ಕೆಟ್ಟಿತು, ಕಾಲ ಕೆಟ್ಟಿತು ಎಂದು ಎಲ್ಲರೂ ಹೇಳುತ್ತಿದ್ದರು. ಮಳೆ ಕೆಟ್ಟದ್ದು ನಿಜ. ಮೊದಲು ವಾರಗಟ್ಟಲೆ ಜಿನುಗುತ್ತಿದ್ದದ್ದು ಈಗ ಒಂದೇ ಮಧ್ಯಾಹ್ನ ಸುರಿದು ಹೊರಟು ಹೋಗುತ್ತಿತ್ತು. ಆದರೆ ಹಾಗೆ ಸುರಿದ ನೀರಾದರೂ ಎಲ್ಲಿ ಹೋಯಿತು? ರಸ್ತೆ ಹಿಡಿದು ಹಳ್ಳಕ್ಕೆ ಹೋಯಿತು. ಯಾಕೆಂದರೆ ಗುಡ್ಡದಿಂದ ಕೆರೆಗೆ ಬರುವ ಕಾಲುವೆಯೇ ಇರಲಿಲ್ಲ. ಅದರ ಮೇಲೆ ಹಳೆ ಅಧ್ಯಕ್ಷರು ತೆಂಗಿನ ಸಸಿ ನೆಟ್ಟಿದ್ದರು. ಹದಿನೆಂಟು ಸಸಿ, ಒಂದೇ ಸಾಲಾಗಿ, ಕಾಲುವೆ ಹೇಗೆ ತಿರುಗುತ್ತಿತ್ತೋ ಹಾಗೇ ತಿರುಗಿಕೊಂಡು.

ಈ ಹಳೆ ಅಧ್ಯಕ್ಷರು ಹೆಂಗಸರ ಸೀಟು ಬರುವ ಮುಂಚೆ ಪಂಚಾಯಿತಿ ಆಳಿದವರು. ಕುರ್ಚಿ ಹೋಗಿದ್ದರೂ ಮೀಟಿಂಗಿಗೆ ಬಂದು ಕಿಟಕಿ ಪಕ್ಕ ಕೂರುತ್ತಿದ್ದರು. ನಾನು ಬೋರು ಬೇಡ, ಕಾಲುವೆ ಬಿಡಿಸೋಣ ಎಂದೊಡನೆ ನಕ್ಕರು.

"ಯಾವ ಕಾಲುವೆ ತಂಗ್ಯವ್ವ? ಬೇಲೂರಿನಾಗೆ ಕಂಪ್ಯೂಟರ್ ಬಂದೈತೆ, ಗೊತ್ತಾ? ಪಹಣಿ ಈಗ ಅದೇ ಬರೆಯೋದು. ಅದು ಲಂಚ ತಿನ್ನಲ್ಲ, ಸುಳ್ಳು ಹೇಳಲ್ಲ. ನೋಡು, ಆ ತೋಟಕ್ಕೆ ನನ್ನ ಹೆಸರು."

ಮಡಿಸಿದ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ಕಪ್ಪು ಅಕ್ಷರದಲ್ಲಿ ಅವರ ಹೆಸರು ನಿಜಕ್ಕೂ ಇತ್ತು. ಕೈಬರಹದ ಪಹಣಿ ನೋಡಿ ಅಭ್ಯಾಸವಾಗಿದ್ದ ಜನಕ್ಕೆ ಅಚ್ಚಾದ ಅಕ್ಷರ ಕಂಡರೆ ದೇವರೇ ಬರೆದಂತೆ. ಮೈದುನ ಆಗಲೇ ತಲೆಯಾಡಿಸುತ್ತಿದ್ದ.

"ಇಲ್ಲಿ ಕೊಡಣ್ಣ, ಓದ್ತೀನಿ" ಎಂದೆ.

"ಓದು ಓದು. ಸಂಜೆ ಬಸ್ಸಿನೊತ್ತಿಗಾದ್ರೂ ಮುಗಿಸು."

ನಕ್ಕರೆ ನಗಲಿ. ಬೆರಳಿಟ್ಟು ಓದಿದೆ. ಬೇಗ ಓದುವವರಿಗೆ ಒಂದು ರೋಗವಿದೆ. ತಮಗೆ ಬೇಕಾದ್ದು ಸಿಕ್ಕಿದ ಕೂಡಲೇ ನಿಲ್ಲಿಸುತ್ತಾರೆ. ಅವರೆಲ್ಲ ಹೆಸರಿನ ಹತ್ತಿರ ನಿಂತಿದ್ದರು. ನನಗೆ ಹಾಗೆ ಹಾರುವುದು ಬರುವುದಿಲ್ಲ. ಕಾಗದದಲ್ಲಿ ಗೆರೆ ಹಾಕಿದ ಮೊದಲ ಮನೆಯಿಂದ ಹಿಡಿದು ಒಂದೊಂದೇ ಮನೆ ದಾಟುತ್ತಾ ಹೋಗಬೇಕು. ಹೆಸರಿಗಿಂತ ಮುಂಚೆ ಒಂದು ಕಡೆ ಬೆರಳು ನಿಂತಿತು.

"ಸೆಕ್ರೆಟರಿ ಸಾರ್, ಖರಾಬು ಆರು ಗುಂಟೆ ಅಂತ ಬರೆದೈತಲ್ಲ, ಹಂಗಂದ್ರೇನು?"

ಸೆಕ್ರೆಟರಿ ಕನ್ನಡಕ ಹಾಕಿಕೊಂಡು ನೋಡಿದರು. ಹಳೆ ಅಧ್ಯಕ್ಷರ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಅಷ್ಟು ಜಾಗ ಸರ್ಕಾರದ್ದಮ್ಮ. ದಾರಿ, ಕಾಲುವೆ, ಅಂಥದ್ದು" ಎಂದರು.

"ಹಂಗಾದ್ರೆ ಕಂಪ್ಯೂಟರ್ ಸುಳ್ಳು ಹೇಳಿಲ್ಲ ಬಿಡಣ್ಣ" ಎಂದೆ.

ಹಳೆ ಅಧ್ಯಕ್ಷರು ಅಷ್ಟಕ್ಕೆ ಸೋಲುವವರಲ್ಲ. "ಆಯ್ತು, ಆರು ಗುಂಟೆ ಐತೆ. ಎಲ್ಲೈತೆ ತೋರ್ಸು. ನಿನ್ನ ಹೊಲದ ಕಡೆ ಇರಬೌದು!" ಎಂದರು. ನಮ್ಮ ರಾಗಿ ಹೊಲ ಅವರ ತೋಟಕ್ಕೆ ಅಂಟಿಕೊಂಡೇ ಇತ್ತು. ಎಲ್ಲರೂ ಮತ್ತೆ ನಕ್ಕರು. ಕೊನೆಗೆ ಒಂದು ಮಾತಾಯಿತು. ಸರ್ವೆಯರ್ ಬಂದು ಅಳೆಯಲಿ. ಮುಂಗಾರಿಗೆ ಮೊದಲು ಕಾಲುವೆ ಸಿಕ್ಕರೆ ಕಾಲುವೆ, ಸಿಗದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಬೋರಿಗೆ ಸಹಿ ಹಾಕಬೇಕು.

ಸರ್ವೆಯರ್ ಬರುವಷ್ಟರಲ್ಲಿ ಬೇಸಿಗೆ ಮುಗಿಯುತ್ತಾ ಬಂದಿತ್ತು. ಎಳೆ ವಯಸ್ಸಿನವರು. ಸರಪಳಿ, ಹಳೇ ನಕ್ಷೆ ಎಲ್ಲ ತಂದಿದ್ದರು. ನಕ್ಷೆಯಲ್ಲಿ ಕಾಲುವೆ ಗೆರೆ ಚೆನ್ನಾಗಿ ಕಾಣುತ್ತಿತ್ತು. ಊರಿಗೆ ಊರೇ ಬದುವಿನ ಮೇಲೆ ಸೇರಿತ್ತು.

"ನಕ್ಷೇಲಿ ಇದೆ, ಆದ್ರೆ ಅಳತೆ ಶುರು ಮಾಡೋಕೆ ಒಂದು ಬಾಂದುಕಲ್ಲು ಬೇಕು. ಹಳೇ ಗಡಿ ಕಲ್ಲು ಒಂದನ್ನಾದ್ರೂ ತೋರಿಸಿ" ಎಂದರು ಸರ್ವೆಯರ್.

ಹೊಲದಲ್ಲಿ ಕಲ್ಲೆಲ್ಲಿಂದ ಬರಬೇಕು? ನಮ್ಮ ಕಡೆಯ ಕೆಲಸವೇ ಹಾಗೆ. ಉಳುವಾಗ ಪ್ರತಿ ವರ್ಷ ಬದುವನ್ನು ಒಂದೊಂದು ಸಾಲು ಸವರುತ್ತಾರೆ, ಕಲ್ಲು ಸಡಿಲವಾಗುತ್ತದೆ, ಸಡಿಲವಾದ ಕಲ್ಲು ಮನೆಗೆ ಬರುತ್ತದೆ. ಯಾರ ಮನೆಯ ಮೆಟ್ಟಿಲು, ಯಾರ ಕೊಟ್ಟಿಗೆಯ ಗೂಟ, ಯಾರ ಬಚ್ಚಲ ಹಾಸು. ಬಾಂದುಕಲ್ಲಿಲ್ಲದ ಮನೆ ನಮ್ಮೂರಲ್ಲಿಲ್ಲ, ಬಾಂದುಕಲ್ಲಿರುವ ಹೊಲವೂ ಇಲ್ಲ.

"ಕಲ್ಲಿಲ್ಲ ಅಂದ್ರೆ ಅಳೆಯೋಕಾಗಲ್ಲ" ಎಂದು ಸರ್ವೆಯರ್ ಸರಪಳಿ ಸುತ್ತತೊಡಗಿದರು. ಹಳೆ ಅಧ್ಯಕ್ಷರು ಬೀಡಿ ಹಚ್ಚಿದರು.

ನನಗೆ ಒಂದು ಕಲ್ಲು ಗೊತ್ತಿತ್ತು. ಗೊತ್ತಿತ್ತು ಎಂದರೆ ಇಪ್ಪತ್ತೆಂಟು ವರ್ಷದಿಂದ ಅದರ ಮೇಲೆ ಬಟ್ಟೆ ಕುಕ್ಕುತ್ತಿದ್ದೆ. ನಾನು ಮದುವೆಯಾಗಿ ಬಂದ ಮರುವರ್ಷ ನನ್ನ ಮಾವ ಅದನ್ನು ಎತ್ತು ಕಟ್ಟಿ ಎಳೆದಿದ್ದರು. ಬುಡ ಅಲ್ಲಾಡಲಿಲ್ಲ, ಕಲ್ಲು ನಡುವೆ ಮುರಿಯಿತು. ಮೇಲಿನ ಅರ್ಧ ಹಿತ್ತಿಲಿಗೆ ಬಂತು. ಗುರುತು ಕೆತ್ತಿದ ಮುಖ ಯಾರಿಗೂ ಕಾಣದಿರಲಿ ಎಂದು ಮಗುಚಿ ಹಾಕಿಸಿದರು. ಅದರ ಕೆಳಗೆ ಚಪ್ಪಡಿ ಕೊಟ್ಟು ನಿಲ್ಲಿಸಿದವಳು ನಾನೇ. ಆ ವರ್ಷ ನಮ್ಮ ಹೊಲವೂ ಕಾಲುವೆಯೊಳಕ್ಕೆ ನಾಲ್ಕು ಮೊಳ ಹೋಯಿತು. ಅಲ್ಲಿ ಮಾವ ಮೂರು ತೆಂಗು ಇಟ್ಟರು. ಅವು ಹದಿನೆಂಟು ಸಸಿಗಳ ಹಾಗಲ್ಲ, ಗೊಂಚಲು ಗೊಂಚಲು ಕಾಯಿ ಬಿಡುವ ಮರ.

ಬಾಯಿ ಬಿಟ್ಟರೆ ಮರ ಹೋಗುತ್ತದೆ, ಮಾವನ ಮರ್ಯಾದೆಯೂ ಹೋಗುತ್ತದೆ. ಮಾವ ಸತ್ತು ಎಷ್ಟೋ ವರ್ಷವಾಗಿತ್ತು, ಅವರಿಗೆ ಮರ್ಯಾದೆಯಿಂದ ಆಗಬೇಕಾದ್ದೇನೂ ಇರಲಿಲ್ಲ. ಮರ ಮಾತ್ರ ಯೋಚನೆಗೆ ಹಚ್ಚಿತು. ಸರ್ವೆಯರ್ ಚೀಲ ಹೆಗಲಿಗೇರಿಸಿದರು.

"ಸಾರ್, ನಿಲ್ಲಿ. ಕಲ್ಲು ನಮ್ಮ ಹಿತ್ತಿಲಾಗೈತೆ" ಎಂದೆ. "ನಮ್ಮ ಮಾವ ಕಿತ್ತಿದ್ದು. ಅರ್ಧ ಕಿತ್ತರು, ಇನ್ನರ್ಧ ಇಲ್ಲೇ ನೆಲದಾಗೈತೆ."

ನನ್ನ ಗಂಡ ಜನರ ಹಿಂದೆ ನಿಂತಿದ್ದವರು ಮುಂದೆ ಬಂದರು. "ಏನೇ, ತಲೆ ಕೆಟ್ಟೈತಾ? ಸತ್ತ ಅಪ್ಪನ್ನ ಕಳ್ಳ ಅಂತೀಯಲ್ಲೇ ಊರ ಮುಂದೆ!"

"ಊರ ಮುಂದೆ ಇರೋರೆಲ್ಲ ಕಲ್ಲು ಕದ್ದೋರೇ ಕಣ್ರೀ. ಸುಮ್ನೆ ಹೋಗಿ ಹಾರೆ ತನ್ನಿ."

ಕೆಲವರು ನೆಲ ನೋಡಿದರು.

ನಾನು ತೋರಿಸಿದ ಕಡೆ ಅಗೆದರು. ಮೊದಲ ಗುಂಡಿಯಲ್ಲಿ ಬರೀ ಮಣ್ಣು ಬಂತು. "ನಿನ್ನ ಕಲ್ಲು ಹಳೇಬೀಡಿಗೆ ನಡ್ಕೊಂಡು ಹೋಯ್ತೇನೋ ತಂಗ್ಯವ್ವ" ಎಂದರು ಹಳೆ ಅಧ್ಯಕ್ಷರು. ಎರಡು ಹೆಜ್ಜೆ ಈಚೆಗೆ ಇನ್ನೊಂದು ಗುಂಡಿ ತೆಗೆಸಿದೆ. ಮೊಣಕಾಲುದ್ದ ಹೋದ ಮೇಲೆ ಹಾರೆ ಠಣ್ ಎಂದಿತು. ಮುರಿದ ಕಲ್ಲಿನ ತಲೆ ಕಂಡಿತು. ಅಷ್ಟರಲ್ಲಿ ನಾಲ್ವರು ಹಿತ್ತಿಲಿನಿಂದ ಒಗೆಯುವ ಕಲ್ಲು ಹೊತ್ತು ತಂದರು. ಅದಕ್ಕಿನ್ನೂ ಬೆಳಗಿನ ಸೋಪಿನ ನೊರೆ ಮೆತ್ತಿತ್ತು. ಬುಡದ ಮೇಲೆ ಇಳಿಸಿ ಸ್ವಲ್ಪ ತಿರುಗಿಸಿದರು. ಮುರಿದ ಬಾಯಿಗೆ ಮುರಿದ ಬಾಯಿ ಕಚ್ಚಿ ಕೂತಿತು, ಹಲ್ಲಿಗೆ ಹಲ್ಲು ಕೂತ ಹಾಗೆ. ಸರ್ವೆಯರ್ ಮಣ್ಣೊರೆಸಿ ಗುರುತು ನೋಡಿದರು. "ಇದೇ!" ಎಂದು ಕೂಗಿದರು. ಊರಿಗೆ ಊರೇ ಹೋ ಎಂದಿತು. ಮೈದುನ ಎಲ್ಲರಿಗಿಂತ ಜೋರಾಗಿ ಕೂಗಿದ. "ನಮ್ಮತ್ತಿಗೆ!" ಎಂದ. ಎರಡು ವರ್ಷ ನನ್ನ ಕುರ್ಚಿಯಲ್ಲಿ ಕೂತಿದ್ದಾಗ ಆ ಮಾತು ಬಂದಿರಲಿಲ್ಲ.

ಅಳತೆ ಮುಗಿಯುವ ಹೊತ್ತಿಗೆ ಹದಿನೆಂಟು ಸಸಿ ಕಾಲುವೆಯೊಳಗಿದ್ದವು. ನಮ್ಮ ಮೂರು ಮರವೂ ಇದ್ದವು.

"ಮೊದ್ಲು ನಿನ್ನ ಮರ ಕಡಿಸು, ಆಮೇಲೆ ನನ್ನ ಸಸಿ ಮುಟ್ಟು" ಎಂದರು ಹಳೆ ಅಧ್ಯಕ್ಷರು. ನಾನು ಕಡಿಸಲಾರೆ ಎಂದೇ ಅವರ ಲೆಕ್ಕ. ಮಾರನೇ ಬೆಳಗ್ಗೆಯೇ ಕಡಿಸಿದೆ. ಗಂಡ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ತಾವೇ ಆ ಮರ ಸೀಳಿಸಿ ಕೊಟ್ಟಿಗೆಯ ಚಾವಣಿಗೆ ತೀರು ಹಾಕಿಸಿದರು. ಸಸಿಗಳನ್ನು ಬೇರು ಸಮೇತ ಎತ್ತಿ ಹಳೆ ಅಧ್ಯಕ್ಷರ ತೋಟದ ಇನ್ನೊಂದು ಮಗ್ಗುಲಿಗೆ ನೆಟ್ಟುಕೊಟ್ಟೆವು. ಅರ್ಧಕ್ಕರ್ಧ ಬದುಕಿದವು. ಆಮೇಲೆ ಮನೆಗೊಬ್ಬರಂತೆ ಗುದ್ದಲಿ, ಮಂಕರಿ ಹಿಡಿದು ಬಂದು ಕಾಲುವೆ ತೋಡಿದೆವು. ಕಲ್ಲಿಗೆ ಸಿಮೆಂಟು ಮೆತ್ತಿ, ಗುರುತು ಈಚೆಗೆ ಕಾಣುವ ಹಾಗೆ ನಿಲ್ಲಿಸಿದೆವು.

ಮೊದಲ ದೊಡ್ಡ ಮಳೆ ಮಧ್ಯಾಹ್ನ ಮೂರು ಗಂಟೆಗೆ ಬಂತು. ಅದೇ ಹೊಸ ಕಾಲದ ಮಳೆ, ಒಂದೇ ಸಮನೆ ಸುರಿದು ನಿಲ್ಲುವಂಥದ್ದು. ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿದೆ. ಕಾಲುವೆಯ ತುಂಬ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು. ಕಲ್ಲಿನ ಪಕ್ಕ ತಿರುಗಿ ನೇರ ಕೆರೆಗೆ ನುಗ್ಗಿತು. ಹುಡುಗರು ಕ್ರಿಕೆಟ್ಟಿಗೆ ನೆಟ್ಟಿದ್ದ ಕೋಲುಗಳು ತೇಲಿದವು.

ಬೋರಿನ ಲಾರಿ ಆ ವರ್ಷ ನಮ್ಮೂರಿಗೆ ಬರಲಿಲ್ಲ. ದೀಪಾವಳಿ ಹೊತ್ತಿಗೆ ಹಳೆ ಅಧ್ಯಕ್ಷರ ತೆರೆದ ಬಾವಿಯಲ್ಲೂ ನೀರು ಮೇಲೆ ಬಂತು. ಅವರು ಹೇಳಲಿಲ್ಲ, ನಾನೇ ಬಗ್ಗಿ ನೋಡಿದೆ.

"ಈ ವರ್ಷ ಮಳೆ ಚೆನ್ನಾಗಾಯ್ತು ಕಣವ್ವ" ಎಂದರು.

"ಹೋದ ವರ್ಷನೂ ಆಗಿತ್ತು ಕಣಣ್ಣ" ಎಂದೆ.

ಹಿತ್ತಿಲಿಗೆ ಬೇರೆ ಕಲ್ಲು ತರಿಸುತ್ತೇನೆಂದು ಗಂಡ ಹೇಳಿದರು. ಬೇಡವೆಂದೆ. ಬಟ್ಟೆ ಗಂಟು ಕಟ್ಟಿಕೊಂಡು ಕೆರೆಗೇ ಹೋಗತೊಡಗಿದೆ. ಅಲ್ಲಿ ಕಲ್ಲಿಗೆ ಬರವಿರಲಿಲ್ಲ, ನೀರಿಗೂ ಇರಲಿಲ್ಲ.