ಪುಟ್ಟ ಪಕ್ಷಕ್ಕೆ ಅಂಕಲ್ ಹಾಕಿದ ಮತ

ಮೊನ್ನೆ ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಪರದೆ ಎಳೆದೆ. ಉಂಗುರಗಳು ಸರಕ್ಕನೆ ಸರಿದ ಸದ್ದಿಗೆ ಮೈ ಜುಮ್ಮೆಂದಿತು. ನಗಬೇಡಿ, ನನ್ನ ಮಟ್ಟಿಗೆ ಆ ಸದ್ದು ೧೯೯೬ರ ನವೆಂಬರಿನದು.

ಆಗ ಅಮೆರಿಕದ ಶಾರ್ಲೆಟ್‌ನಿಂದ ಗಂಟೆ ದೂರದ ಊರೊಂದರಲ್ಲಿ ಶ್ರೀಕಂಠ ಅಂಕಲ್ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ವೀಸಾದ ಮೇಲೆ ಬಂದವಳು. ದಿನಕ್ಕೆಷ್ಟು ಕಾಫಿ ಕುಡಿದೆನೆಂದೂ ಡೈರಿಯಲ್ಲಿ ಬರೆಯುವ ಪೈಕಿ. ಅಂಕಲ್ ಮೈಸೂರು ಬಿಟ್ಟು ಬಹಳ ವರ್ಷವಾಗಿದ್ದರೂ ಪೌರತ್ವ ಪಡೆದದ್ದು ಆ ವರ್ಷವೇ. ತಮ್ಮ ಮೊದಲ ಮತ ಎರಡು ದೊಡ್ಡ ಪಕ್ಷಗಳಿಗಲ್ಲ, ಊರಲ್ಲಿ ಯಾರೂ ಹೆಸರೆತ್ತದ ಒಂದು ಪುಟ್ಟ ಪಕ್ಷಕ್ಕೆ ಎಂದು ಬೇಸಿಗೆಯಲ್ಲೇ ನಿರ್ಧರಿಸಿದ್ದರು.

"ವೇಸ್ಟ್ ಮಾಡ್ತೀರಲ್ಲ," ವಿಮಲಾ ಆಂಟಿ ದೋಸೆ ಮಗುಚುತ್ತಾ ಛೇಡಿಸುತ್ತಿದ್ದರು. "ಆ ಪಾರ್ಟಿಯಿಂದ ನಿಂತವನಿಗೆ ಅವನ ಹೆಂಡತೀನೇ ಹಾಕಲ್ಲ."

"ಗೆಲ್ಲೋಕಲ್ಲ ಕಣೇ ಅವರಿರೋದು. ಹೆಂಗಸರ ವೋಟು, ಸೆನೆಟರ್‌ಗಳನ್ನ ಜನರೇ ಆರಿಸೋದು, ಇದಕ್ಕೆಲ್ಲ ಮುಂಚೆ ಗಂಟಲು ಹರ್ಕೊಂಡಿದ್ದು ಇಂಥ ಪಾರ್ಟಿಗಳೇ. ದೊಡ್ಡವರು ಆಮೇಲೆ ಎತ್ಕೊಂಡು ಹೋದ್ರು. ಪಾರ್ಟಿ ಸತ್ತೋಯ್ತು, ಮಾತು ಉಳೀತು."

"ಹಂಗಾದ್ರೆ ದೆವ್ವಕ್ಕೆ ವೋಟ್ ಹಾಕ್ತೀರಿ ಅನ್ನಿ."

ಮತಗಟ್ಟೆ ಶಾಲೆಯೊಂದರಲ್ಲಿತ್ತು; ನೋಡಲೆಂದು ನಾನೂ ಜೊತೆಗೆ ಹೋಗಿದ್ದೆ. ಬೀರುವಿನಷ್ಟು ದೊಡ್ಡ ಯಂತ್ರ. ದೊಡ್ಡ ಹಿಡಿ ಎಳೆದರೆ ಪರದೆ ಮುಚ್ಚುತ್ತದೆ. ಒಳಗೆ ಬೇಕಾದ ಹೆಸರಿನ ಸಣ್ಣ ಹಿಡಿ ತಿರುಗಿಸಿ ದೊಡ್ಡದನ್ನು ವಾಪಸು ಎಳೆದರೆ ಮತ ದಾಖಲಾಗಿ ಪರದೆ ತೆರೆಯುತ್ತದೆ. ಕಾಗದವೇ ಇಲ್ಲ. ಅಂಕಲ್ ಬಹಳ ಹೊತ್ತು ಒಳಗಿದ್ದರು. ಪರದೆಯ ಕೆಳಗೆ ಕಾಣುತ್ತಿದ್ದ ಕಂದು ಬೂಟುಗಳು ಅಲುಗಲೇ ಇಲ್ಲ. ಕೊನೆಗೆ ಹೊರಬಂದು "ಹಾಕ್ದೆ," ಎಂದು ನಕ್ಕರು.

ಸಂಜೆ ಶಾಲೆಯ ಬಾಗಿಲಿಗೆ ಆ ಮತಗಟ್ಟೆಯ ಫಲಿತಾಂಶ ಅಂಟಿಸಿದರು. ಮೂವರೂ ಹೋಗಿ ನೋಡಿದೆವು. ಅಂಕಲ್ ಪಕ್ಷದ ಮುಂದೆ ಸೊನ್ನೆ.

"ಕೊನೇ ಗಳಿಗೇಲಿ ಹೆದರಿಬಿಟ್ರಾ?" ಆಂಟಿ ನಕ್ಕರು.

ಅಂಕಲ್ ತಮ್ಮ ಬಲಗೈಯನ್ನೇ ನೋಡುತ್ತಿದ್ದರು. "ಹಾಕ್ದೆ ಕಣೇ. ಈ ಬೆರಳಲ್ಲೇ ತಿರುಗಿಸಿದ್ದು."

ಆಂಟಿಯ ನಗು ಅಲ್ಲಿಗೇ ನಿಂತಿತು. ಹಿಂದಿನ ತಿಂಗಳು ಎರಡು ಸಲ ಅಂಕಲ್, ನಿವೃತ್ತರಾಗಿದ್ದ ಆಫೀಸಿಗೆ ಟೈ ಕಟ್ಟಿಕೊಂಡು ಡ್ರೈವ್ ಮಾಡಿಕೊಂಡು ಹೋಗಿದ್ದರು. ಮನೆಗೆ ಬಂದು ಅವರು ಬಚ್ಚಲಿಗೆ ಹೋದದ್ದೇ ಆಂಟಿ ನನ್ನ ಮಣಿಕಟ್ಟು ಹಿಡಿದರು. "ತಪ್ಪು ಮಷೀನ್‌ದಾ, ಇವರದ್ದಾ? ನಿಂಗೆ ಲೆಕ್ಕ ಬರುತ್ತಲ್ಲ, ನೋಡಿ ಹೇಳೇ."

ಅಭ್ಯಾಸಬಲದಿಂದ ಬಾಗಿಲ ಮೇಲಿದ್ದುದನ್ನೆಲ್ಲ ಬರೆದುಕೊಂಡಿದ್ದೆ. ಅಧ್ಯಕ್ಷ ಹುದ್ದೆಯ ಮತಗಳನ್ನು ಕೂಡಿದೆ. ಅದೇ ಹಾಳೆಯಲ್ಲಿದ್ದ, ಮತ ಹಾಕಲು ಒಳಗೆ ಹೋದವರ ಸಂಖ್ಯೆಗಿಂತ ಒಂದು ಕಡಿಮೆ. ಮತ್ತೆ ಕೂಡಿದೆ. ಅಷ್ಟೇ.

ಹೇಳಿದೆ. ಟವೆಲ್ ಹಿಡಿದು ನಿಂತಿದ್ದ ಅಂಕಲ್ ಮುಖ ಅರಳಿತು. "ನೋಡಿದ್ಯಾ ವಿಮಲಾ! ಆ ಕಮ್ಮಿ ಆಗಿರೋದೇ ನಾನು."

ಯಂತ್ರ ಒಂದು ಮತವನ್ನು ನುಂಗಿರಬಹುದು. ಅಥವಾ ಯಾರೋ ಒಬ್ಬರು ಪರದೆಯ ಹಿಂದೆ ಅಷ್ಟು ಹೊತ್ತು ನಿಂತು, ಯಾವ ಹೆಸರನ್ನೂ ಮುಟ್ಟದೆ ಹೊರಬಂದಿರಬಹುದು. ಎರಡಕ್ಕೂ ಒಂದೇ ಲೆಕ್ಕ.

ಮುಂದಿನ ಬೇಸಿಗೆಗೆ ಅಂಕಲ್‌ಗೆ ನನ್ನ ಹೆಸರು ನೆನಪಿಗೆ ಬರುತ್ತಿರಲಿಲ್ಲ. ಆದರೆ ಪುಟ್ಟ ಪಕ್ಷಗಳ ಕಥೆ ಮಾತ್ರ ಒಂದೂ ತಪ್ಪದೆ ಬರುತ್ತಿತ್ತು: ಯಾವುದು ಹುಟ್ಟಿತು, ಏನು ಕೇಳಿತು, ಹೇಗೆ ಇಲ್ಲವಾಯಿತು. ಪಟ್ಟಿ ಮುಗಿದ ಮೇಲೆ ಮೆಲ್ಲಗೆ "ಆಮೇಲೆ ನಾನು," ಎನ್ನುತ್ತಿದ್ದರು. ಆಂಟಿ ಎದ್ದು ಅಡಿಗೆಮನೆಗೆ ಹೋಗುತ್ತಿದ್ದರು.

ಈಗ ನಾನೂ ಇಲ್ಲಿಯ ಪ್ರಜೆ. ಕಳೆದ ಸಲ ಮತ ಹಾಕಿ ಬಂದೆ. ಯಾರಿಗೆ ಎಂದು ಕೇಳಿ, ಹೇಳುತ್ತೇನೆ. ಹಾಕಿದ್ದು ನಿಜವೇ ಎಂದು ಮಾತ್ರ ಕೇಳಬೇಡಿ.