ಜುಜೆಯ ಬಿಳಿ ರಕ್ತಕಣಗಳು

ಕೋವಿಡ್ ಅಲೆ ಇಳಿದ ಮರುವರ್ಷ ನಾನು ಹಳಿಯಾಳದ ಆಸ್ಪತ್ರೆಯೊಂದರಲ್ಲಿ ಮನೋವೈದ್ಯೆಯಾಗಿದ್ದೆ. ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯ ರೋಗಿಗಳೂ ಅಲ್ಲಿಗೇ ಬರುತ್ತಿದ್ದರು. ನಿವೃತ್ತಿ ಹತ್ತಿರವಿತ್ತು. ವೃತ್ತಿಯುದ್ದಕ್ಕೂ ಮಂದಿಗೆ ಧೈರ್ಯ ಹೇಳಿದವಳಾದರೂ ಸ್ವಭಾವತಃ ನಾನು ಅಂಜುಬುರುಕಿ. ಜುಜೆಯ ಆ ಎರಡು ದಿನಗಳನ್ನು ಈಗಲೂ ಮರೆತಿಲ್ಲ.

ಜುಜೆ ಸಿದ್ದಿ ಸಮುದಾಯದ ಯುವಕ, ಗೌಂಡಿ ಕೆಲಸದವನು. ಸ್ಕಿಜೋಫ್ರೇನಿಯಾ ಬಂದ ಮೇಲೆ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ, ತಾಯಿ ಅನ್ನದಲ್ಲಿ ವಿಷ ಬೆರೆಸುತ್ತಾಳೆ ಎನ್ನುತ್ತ ಉಪವಾಸ ಬಿದ್ದು ಎಲುಬಿನ ಹಂದರವಾಗಿದ್ದ. ಎರಡು ಔಷಧಗಳು ಫಲಿಸದಿದ್ದಾಗ ಕ್ಲೋಜಪಿನ್ ಮಾತ್ರೆ ಶುರು ಮಾಡಿದೆ. ಎರಡು ತಿಂಗಳಲ್ಲಿ ಅವನು ತಾಯಿ ಮರಿಯಾಬಾಯಿಯ ಕೈಯಿಂದ ಗಂಜಿ ಕುಡಿದ. ಅದನ್ನು ಹೇಳಲೆಂದೇ ಅವರು ಬಸ್ ಹತ್ತಿ ಬಂದಿದ್ದರು.

ಈ ಮಾತ್ರೆಗೊಂದು ಅಪಾಯವಿದೆ. ಅಪರೂಪಕ್ಕೆ ಕೆಲವರಲ್ಲಿ ಅದು ನ್ಯೂಟ್ರೋಫಿಲ್‌ಗಳನ್ನು, ಅಂದರೆ ಸೋಂಕಿನ ಎದುರು ಮೊದಲು ಹೋರಾಡುವ ಬಿಳಿ ರಕ್ತಕಣಗಳನ್ನು, ಬರಿದು ಮಾಡುತ್ತದೆ. ಆಗ ಸಾಮಾನ್ಯ ಗಂಟಲುನೋವೂ ಪ್ರಾಣ ತೆಗೆಯಬಹುದು. ಅದಕ್ಕೇ ವಾರವಾರ ರಕ್ತಪರೀಕ್ಷೆ. ಅವುಗಳ ಎಣಿಕೆ ಮೈಕ್ರೋಲೀಟರ್ ರಕ್ತಕ್ಕೆ 1,500ಕ್ಕಿಂತ ಇಳಿದರೆ ಮಾತ್ರೆ ನಿಲ್ಲಿಸಬೇಕೆಂಬುದು ನಾವು ಪಾಲಿಸುತ್ತಿದ್ದ ನಿಯಮ. ಜುಜೆಯ ಎಣಿಕೆ ಆರಂಭದಲ್ಲೇ 1,600 ಇತ್ತು.

ಒಂದು ಬೆಳಿಗ್ಗೆ ಅವನನ್ನು ಜ್ವರ, ಗಂಟಲುನೋವು ಎಂದು ಕರೆತಂದರು. ಎಣಿಕೆ 1,200. ದಾಖಲು ಮಾಡಿಕೊಂಡು ಆ್ಯಂಟಿಬಯೋಟಿಕ್ ಆರಂಭಿಸಿ ಮಾತ್ರೆ ನಿಲ್ಲಿಸಿದೆ.

ಸ್ಕಿಜೋಫ್ರೇನಿಯಾ ಇರುವವರ ರೋಗನಿರೋಧಕ ವ್ಯವಸ್ಥೆಯಲ್ಲೂ ಬದಲಾವಣೆಗಳು ಕಾಣುತ್ತವೆ. ಆದರೆ ಆಗ ನ್ಯೂಟ್ರೋಫಿಲ್ ಸಾಮಾನ್ಯವಾಗಿ ತುಸು ಏರಿರುತ್ತದೆ, ಇಳಿದಿರುವುದಿಲ್ಲ. ಹಾಗಾಗಿ ಕಾಯಿಲೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಅನುಮಾನವೆಲ್ಲ ಮಾತ್ರೆಯ ಮೇಲೆ. ಅದು ಎರಡು ದಿನ ತಪ್ಪಿದರೆ ಮತ್ತೆ ಚಿಕ್ಕ ಡೋಸಿನಿಂದ ಮೊದಲಾಗಬೇಕು. ಅಷ್ಟರಲ್ಲಿ ಆ ದನಿಗಳು ಮರಳಿದರೆ? ಮಾತ್ರೆ ಮುಂದುವರಿಸಿ ಅವನೇ ಉಳಿಯದಿದ್ದರೆ? ಅತ್ತ ದರಿ, ಇತ್ತ ಪುಲಿ.

"ಮಗನ ರಕ್ತದಾಗ ಬಿಳಿ ಕಣ ಕಡಿಮಿ ಆಗ್ಯಾವ್ರಿ," ಎಂದು ಮರಿಯಾಬಾಯಿಗೆ ತಿಳಿಸಿದೆ.

ಅವರು ಸೆರಗು ಸರಿಸಿ ತೋಳು ಚಾಚಿದರು. "ನಂದು ತಗೊಂಡು ಅವಂಗ ಹಾಕ್ರಿ ಬಾಯಾರ. ಮನ್ಯಾಗ ಒಬ್ಬರಿಗೆ ಜಡ್ಡಾದ್ರ ಎಲ್ಲಾರೂ ಪಾಲು ಹಾಕ್ತೇವಿ ನಾವು."

ಜೊತೆಗೆ ಬಂದಿದ್ದ ಅವರ ಮಗಳು ಲೂಸಿಯೂ ತೋಳು ಮುಂದಿಟ್ಟಳು. ಈ ಕಣಗಳನ್ನು ಹಾಗೆ ಹಾಕಲು ಬರುವುದಿಲ್ಲ ಎಂದು ಎಷ್ಟು ಹೇಳಿದರೂ ತಾಯಿ ತೋಳು ಹಿಂದೆಗೆಯಲಿಲ್ಲ.

ಅದನ್ನೇ ನೋಡುತ್ತ ನಿಂತವಳಿಗೆ ಹಿಂದೆಂದೋ ಓದಿದ್ದು ನೆನಪಾಯಿತು. ಡಫಿ ಎಂಬ ರಕ್ತಗುಂಪಿನ ಗುರುತು ಆಫ್ರಿಕಾ ಮೂಲದ ಅನೇಕರಲ್ಲಿ ಇರುವುದಿಲ್ಲ; ಸಿದ್ದಿಗಳ ಪೂರ್ವಿಕರೂ ಅಲ್ಲಿಂದಲೇ ಬಂದವರು. ಅಂಥವರ ರಕ್ತದಲ್ಲಿ ಹುಟ್ಟಿನಿಂದಲೇ ನ್ಯೂಟ್ರೋಫಿಲ್ ಎಣಿಕೆ ಕಡಿಮೆ, ಆದರೂ ಅವರು ಆರೋಗ್ಯವಾಗಿಯೇ ಇರುತ್ತಾರೆ. ನಾವು ಹಿಡಿದಿದ್ದ 1,500ರ ಗೆರೆ ಅಂಥವರನ್ನು ನೋಡಿ ಎಳೆದದ್ದಲ್ಲ. ಚಾಚಿದ ಎರಡೂ ತೋಳುಗಳಿಂದ ಎಣಿಕೆಗೆಂದು ರಕ್ತ ತೆಗೆಸಿದೆ.

ಮರುದಿನ ಬೆಳಿಗ್ಗೆ ಜುಜೆ ಗಂಜಿ ಮೂಸಿ ನೋಡಿ ಬಟ್ಟಲನ್ನು ದೂರ ಸರಿಸಿದ. "ಇದರಾಗ ಏನ ಹಾಕಿದಿ?" ಎಂದು ತಾಯಿಯನ್ನು ಕೇಳಿದ. ಮರಿಯಾಬಾಯಿ ನನ್ನ ಮುಖ ನೋಡಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮಧ್ಯಾಹ್ನ ಫಲಿತಾಂಶ ಬಂತು. ತಾಯಿಯದು 1,100, ಲೂಸಿಯದು 1,300. ಇಬ್ಬರೂ ಗಟ್ಟಿಮುಟ್ಟಾದವರು, ಯಾವ ಮಾತ್ರೆಯನ್ನೂ ನುಂಗದವರು. ಜುಜೆಯದು 1,250, ಇನ್ನಷ್ಟು ಇಳಿದಿರಲಿಲ್ಲ. ಹುಬ್ಬಳ್ಳಿಯ ಪರಿಚಿತ ರಕ್ತರೋಗ ತಜ್ಞರಿಗೆ ಫೋನ್ ಮಾಡಿದೆ.

"ಮಾತ್ರಿ ಕೊಡ್ರಿ, ದಿನಾ ಎಣಿಸ್ರಿ. ಡಫಿ ಪರೀಕ್ಷಾಕ್ಕ ರಕ್ತ ಕಳಸ್ರಿ," ಎಂದರು.

ಅವರಿಗೇನು, ಹೇಳಿದರು; ಕೊಡುವ ಕೈ ನನ್ನದು. ಎರಡು ದಿನ ತುಂಬುವ ಮೊದಲೇ, ಆ ಸಂಜೆ, ಮಾತ್ರೆ ಕೊಟ್ಟು ಮರುದಿನದ ರಕ್ತಪರೀಕ್ಷೆಗೆ ಬರೆದಿಟ್ಟೆ.

ಮುಂದೆ ಜ್ವರ ಇಳಿಯಿತು, ಎಣಿಕೆ ನಿಂತಲ್ಲೇ ನಿಂತಿತು. ಡಫಿ ಗುರುತು ಮೂವರಲ್ಲೂ ಇಲ್ಲವೆಂದು ಆಮೇಲೆ ಖಚಿತವಾಯಿತು. ರಕ್ತಪರೀಕ್ಷೆ ಮಾತ್ರ ತಪ್ಪಿಸಲಿಲ್ಲ. ಎಣಿಕೆ ಕಡಿಮೆ ಎಂದಾಗ ಯಾರಿಗಿಂತ ಕಡಿಮೆ ಎಂದು ಕೇಳಿಕೊಳ್ಳಬೇಕು, ರೋಗಿಯ ಜೊತೆ ಬಂದವರನ್ನೂ ಒಮ್ಮೆ ನೋಡಬೇಕು ಎಂಬುದನ್ನು ನಾನು ಕಲಿತದ್ದು ಆಗ.

ಮನೆಗೆ ಕಳಿಸುವ ದಿನ ಮರಿಯಾಬಾಯಿ ಮೆಲ್ಲಗೆ ಕೇಳಿದರು, "ಬಾಯಾರ, ನಂದು ಹಾಕಿದ್ರೇನ್ರಿ ಅವಂಗ?"

"ಅವನ್ನ ಹಡಿಯೂ ಮುಂದನ ನಿಮ್ಮ ರಕ್ತ ಕೊಟ್ಟೀರಲ್ರಿ," ಎಂದೆ.

ಜುಜೆ ಆಗಲೇ ಬಾಗಿಲಲ್ಲಿದ್ದ. "ಹೋಗೂಣು ನಡಿ ಅವ್ವಾ," ಎಂದ. "ಮನಿಗೆ ಹೋಗಿ ಗಂಜಿ ಮಾಡು, ಹಸಿವಾಗೇತಿ."